ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್: ಒಳಗೆ ನಾಲ್ಕೂವರೆ ಸ್ಟಾರ್, ಚೀಟಿ ಕೌಂಟರಿಗೆ ಒಂದೇ

ನಾನು ಟೈಲರ್. ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ರೋಡಿನಲ್ಲೇ. ಎರಡು ತಿಂಗಳಿಂದ ನನಗೆ ಬಿಳಿ ಸೆರಗು ಜಾಸ್ತಿಯಾಗಿತ್ತು. ಆಮೇಲೆ ಹಳದಿಗೆ ತಿರುಗಿತು. ಓಣಿಯವರೆಲ್ಲ "ಉಷ್ಣ ಆಗಿದೆ, ಮೆಂತ್ಯ ನೀರು ಕುಡಿ" ಅಂದರು. ಕುಡಿದೆ. ಕಮ್ಮಿ ಆಗಲಿಲ್ಲ.

ಪ್ರೈವೇಟ್ ಲ್ಯಾಬಿನಲ್ಲಿ ಕೇಳಿದರೆ ಎಲ್ಲ ಟೆಸ್ಟ್ ಸೇರಿ 2,400 ರೂಪಾಯಿ ಅಂದರು. ಅಷ್ಟಕ್ಕೆ ನಾನು ಹನ್ನೆರಡು ಸಾದಾ ಬ್ಲೌಸ್ ಹೊಲಿಯಬೇಕು. ಕೊನೆಗೆ ಆಶಾ ಅಕ್ಕ ಹೇಳಿದರು ಅಂತ ನಮ್ಮ ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಹೋದೆ, ಅಂದರೆ ಲೈಂಗಿಕ ಸೋಂಕು, ಗುಪ್ತಾಂಗದ ಸೋಂಕು ನೋಡುವ ಕಡೆಗೆ. ಊರಿನ ಹೆಸರು ಬೇಡ ಬಿಡಿ.

ಮೊದಲು ಬೈಗುಳ. ಚೀಟಿ ಕೌಂಟರಿನವನು "ಏನಮ್ಮಾ ತೊಂದರೆ, ಜೋರಾಗಿ ಹೇಳು" ಅಂದ. ನನ್ನ ಹಿಂದೆ ಹದಿನೈದು ಜನ. "ಹೆಂಗಸರ ತೊಂದರೆ" ಅಂದೆ. "ಅಂದ್ರೆ ಯಾವುದು?" ಅಂದ. "ಸುರಕ್ಷಾ" ಅಂದಾಗ ಅವನೂ ತಲೆಯೆತ್ತಿ ನೋಡಿದ, ಪಕ್ಕದ ಸಾಲೂ ನೋಡಿತು. ಹಲ್ಲುನೋವಿನವರನ್ನು ಹೀಗೆ ನೋಡ್ತಾರಾ? ನನ್ನ ಮುಂದಿದ್ದ ಒಂದು ಹುಡುಗಿ ಚೀಟಿ ಮಾಡಿಸದೇ ವಾಪಸ್ ಹೋದಳು. ಅವಳದೇನಿತ್ತೋ ಏನೋ.

ಒಳಗಿನದು ಬೇರೆಯೇ ಲೋಕ. ಕರ್ಟನ್ನಿನ ಅಂಚಿನ ಹೊಲಿಗೆ ಬಿಚ್ಚಿತ್ತು (ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗೋದು), ಆದರೆ ನೆಲ ಮುಟ್ಟುವಷ್ಟು ಉದ್ದವಿತ್ತು. ಕೌನ್ಸೆಲರ್ ಮೇಡಂ ಎದ್ದು ಬಂದು ಬಾಗಿಲ ಚಿಲಕ ಹಾಕಿದರು. "ಯಾರಿಂದ ಬಂತು" ಅಂತ ಕೇಳಲೇ ಇಲ್ಲ. "ಯಜಮಾನರಿಗೆ ಉರಿಮೂತ್ರ ಏನಾದ್ರೂ ಇದೆಯಾ?" ಅಂತ ಕೇಳಿದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಡಾಕ್ಟರಮ್ಮ "ತಣ್ಣಗಿರುತ್ತೆ, ಉಸಿರು ಬಿಡಿ" ಅಂತ ಮುಂಚೆಯೇ ಹೇಳಿ ಪರೀಕ್ಷೆ ಮಾಡಿದರು. ಗರ್ಭಕೋಶದ ಬಾಯಿಗೆ ಸೋಂಕಂತೆ. ಇಲ್ಲಿ ತೊಂದರೆಗೊಂದು ಬಣ್ಣದ ಕಿಟ್ ಇರುತ್ತದೆ. ನನಗೆ ಬಂದದ್ದು ಬೂದು ಬಣ್ಣದ್ದು: ಅಜಿತ್ರೋಮೈಸಿನ್ ಒಂದು, ಸೆಫಿಕ್ಸಿಮ್ ಒಂದು, ಎರಡೂ ಒಂದೇ ಸಲಕ್ಕೆ. ಅಂಥವೇ ಎರಡು ಕಿಟ್ ಕೈಗಿಟ್ಟರು. ಇನ್ನೊಂದು ಯಜಮಾನರಿಗೆ. "ನೀವೊಬ್ಬರೇ ನುಂಗಿದರೆ ಮತ್ತೆ ಅವರಿಂದ ನಿಮಗೇ ಬರುತ್ತೆ. ಒಂದು ವಾರ ಕೂಡಬೇಡಿ, ಏಳನೇ ದಿನ ಬನ್ನಿ" ಅಂದರು.

ರಕ್ತಕ್ಕೆ ಅದೇ ಕಾರಿಡಾರಿನ ಐಸಿಟಿಸಿ, ಅಂದರೆ ಸಲಹೆ ಹೇಳಿ ಎಚ್‌ಐವಿ ಟೆಸ್ಟ್ ಮಾಡುವ ಕೇಂದ್ರ. ಎಚ್‌ಐವಿ, ಸಿಫಿಲಿಸ್ (ಅದೂ ಲೈಂಗಿಕ ರೋಗವೇ) ಎರಡನ್ನೂ ನೋಡುತ್ತಾರೆ. ಮೊದಲು ಒಪ್ಪಿಗೆ ಕೇಳಿದರು. 2017ರ ಕಾನೂನಿನ ಪ್ರಕಾರ ಒಪ್ಪಿಗೆ ಇಲ್ಲದೆ ಎಚ್‌ಐವಿ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶ ಊರಿಗೆಲ್ಲ ಹೇಳುವ ಹಾಗೂ ಇಲ್ಲ. ಮಧ್ಯಾಹ್ನವೇ ಬಾಗಿಲು ಹಾಕಿಕೊಂಡು ಹೇಳಿದರು: ಎರಡೂ ಇಲ್ಲ. ಆದರೆ ಸೋಂಕು ಹೊಸದಾಗಿದ್ದರೆ ರಕ್ತದಲ್ಲಿ ಕಾಣದೇ ಇರಬಹುದು, ಮೂರು ತಿಂಗಳ ಮೇಲೆ ಇನ್ನೊಮ್ಮೆ ಬನ್ನಿ ಅಂದರು. ಟೆಸ್ಟಿಗೂ ಮಾತ್ರೆಗೂ ಒಂದು ಪೈಸೆ ತಗೊಳ್ಳಲಿಲ್ಲ.

ಮೇಡಂ ಮರದ ಮಾಡೆಲ್ ಇಟ್ಟು ಕಾಂಡೋಮ್ ಹಾಕುವುದನ್ನೂ ತೋರಿಸಿದರು. ನಗು ತಡೆಯಲಿಲ್ಲ. ಆದರೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ನನಗೆ ತುದಿ ಹಿಚುಕಿ ಗಾಳಿ ತೆಗೆಯಬೇಕು ಅನ್ನುವುದೇ ಗೊತ್ತಿರಲಿಲ್ಲ! ಉಚಿತ ಕಾಂಡೋಮಿನ ಡಬ್ಬಿಯನ್ನು ಮಾತ್ರ ಹೊರಗೆ ಸೆಕ್ಯೂರಿಟಿಯವನ ಕುರ್ಚಿ ಪಕ್ಕ ಇಟ್ಟಿದ್ದಾರೆ. ಅವನ ಎದುರು ಯಾರು ಕೈ ಹಾಕ್ತಾರೆ ಹೇಳಿ? ತುಂಬಿದ್ದು ತುಂಬಿದ ಹಾಗೇ ಇತ್ತು.

ಕೌನ್ಸೆಲರ್ ಒಬ್ಬರೇ. ಅವರು ಮೀಟಿಂಗಿಗೆ ಹೋದ ದಿನ ಬೀಗ. ನನ್ನ ಮೊದಲನೇ ದಿನ ಹಾಗೇ ದಂಡವಾಯಿತು. ಹೋಗಲು ಮುಜುಗರ ಇದ್ದರೆ ಮೊದಲು ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹಿಡಿಯುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಯಜಮಾನರು ಬಂದಾಗ ಕಿಟ್ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟ ಆದ ಮೇಲೆ ನನ್ನೆದುರೇ ನುಂಗಿದರು. ಏಳನೇ ದಿನಕ್ಕೆ ನನಗೆ ಪೂರ್ತಿ ಕಮ್ಮಿಯಾಗಿತ್ತು. ಮೂರು ತಿಂಗಳ ತಾರೀಖನ್ನು ಕ್ಯಾಲೆಂಡರಿನಲ್ಲಿ ಬ್ಲೌಸ್ ಆರ್ಡರ್‌ಗಳ ಮಧ್ಯೆ ಬರೆದಿಟ್ಟಿದ್ದೇನೆ, ಎರಡು ಹೆಸರು ಹಾಕಿ. ಕೌಂಟರಿನವನು ಆಗಲೂ ಜೋರಾಗಿ ಕೇಳಿದರೆ ಆ ಒಂದು ಸ್ಟಾರನ್ನೂ ಕಿತ್ತುಹಾಕುತ್ತೇನೆ.