ಗುದ್ದಿದವನಿಗೆ ಇನ್ಶೂರೆನ್ಸ್ ಇಲ್ಲ, ಹಾಗಾದರೆ ದುಡ್ಡು ಯಾರು ಕೊಡುತ್ತಾರೆ?

ನನಗೆ ಮೂರು ಸಲ ಬೇರೆ ಗಾಡಿಯವರು ಗುದ್ದಿದ್ದಾರೆ. ಮೂರು ಸಲವೂ ತಪ್ಪು ಅವರದೇ, ಮೂವರಿಗೂ ಇನ್ಶೂರೆನ್ಸ್ ಇರಲಿಲ್ಲ. ನನ್ನ ಗ್ರಹಚಾರ ಅನ್ನಿ. ಆದರೆ ಒಂದೊಂದು ಸಲವೂ ನನ್ನ ಕೈಯಲ್ಲಿದ್ದ ಪಾಲಿಸಿ ಬೇರೆ ಬೇರೆ. ಹಾಗಾಗಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಹೇಳಬಲ್ಲೆ.

ಮೊದಲನೆಯದು 2017ರಲ್ಲಿ, ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ. ನನ್ನದು ಹಳೇ ಆಲ್ಟೊ. ಹಳೇ ಕಾರಿಗೆ ಯಾಕೆ ಸುಮ್ನೆ ಖರ್ಚು ಅಂತ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದೆ. ಸಿಗ್ನಲ್‌ನಲ್ಲಿ ನಿಂತಿದ್ದಾಗ ಲಗೇಜ್ ಆಟೊ ಹಿಂದಿನಿಂದ ಬಂದು ಗುದ್ದಿತು. 'ಸಾರ್, ಇಲ್ಲೇ ಮಾತಾಡಿ ಮುಗಿಸೋಣ' ಅಂದ ಡ್ರೈವರ್ 3,000 ಕೊಟ್ಟ, ಉಳಿದದ್ದು ಸೋಮವಾರ ಅಂದ. ಟಿಂಕರಿಂಗ್, ಪೇಂಟಿಂಗ್ ಸೇರಿ ಬಿಲ್ 18,500 ಆಯಿತು. ಸೋಮವಾರ ಫೋನ್ ಸ್ವಿಚ್ ಆಫ್. ಥರ್ಡ್ ಪಾರ್ಟಿ ಅಂದರೆ ನಾನು ಬೇರೆಯವರಿಗೆ ಮಾಡಿದ ನಷ್ಟಕ್ಕೆ ಮಾತ್ರ, ನನ್ನ ಕಾರಿಗಲ್ಲ ಅನ್ನೋದು ಆಗಲೇ ತಲೆಗೆ ಹೋದದ್ದು.

ಕೋರ್ಟಿಗೆ ಹೋಗಬಹುದಿತ್ತು. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಗಾಡಿ ಮಾಲೀಕನ ಮೇಲೇ ಕೇಸ್ ಹಾಕಬಹುದು. ನಮ್ಮ ವಕೀಲರು ಒಂದೇ ಪ್ರಶ್ನೆ ಕೇಳಿದರು: 'ಗೆದ್ದರೆ ವಸೂಲಿ ಎಲ್ಲಿಂದ?' ಅವನ ಹೆಸರಲ್ಲಿ ಇದ್ದದ್ದು ಆ ಆಟೊ ಒಂದೇ, ಅದೂ ಸಾಲದ್ದು. ಕೈಬಿಟ್ಟೆ. ಸಾವು ಅಥವಾ ದೊಡ್ಡ ಪೆಟ್ಟಾಗಿದ್ದರೆ ಕೇಸ್ ಹಾಕಲೇಬೇಕು, ಅದು ಬೇರೆ ಮಾತು. ಈಗ ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ದಂಡ ಇದೆ. ಅದು ಸರ್ಕಾರಕ್ಕೆ ಹೋಗುತ್ತದೆ, ಪೆಟ್ಟು ತಿಂದವನಿಗಲ್ಲ.

ಎರಡನೆಯದು 2021ರಲ್ಲಿ, ಹರಿಹರದ ಹತ್ತಿರ. ಅಷ್ಟರಲ್ಲಿ ಕಾರು ಬದಲಾಗಿತ್ತು, ನನ್ನ ಕಾರಿನ ನಷ್ಟಕ್ಕೂ ಕೊಡೋ ಫುಲ್ ಇನ್ಶೂರೆನ್ಸ್ ಇತ್ತು, ಜೊತೆಗೆ ಗ್ಯಾರೇಜಿನವರು ಬಂಪರ್ ಟು ಬಂಪರ್ ಅನ್ನೋ ಜೀರೊ ಡೆಪ್ರಿಸಿಯೇಷನ್ ಕೂಡ, ಅಂದರೆ ಪಾರ್ಟ್ಸ್ ಹಳೇದು ಅಂತ ಬಿಲ್‌ನಲ್ಲಿ ಕಡಿತ ಮಾಡೋದಿಲ್ಲ. ರಿವರ್ಸ್ ಬಂದ ಟ್ರ್ಯಾಕ್ಟರ್ ಟ್ರೈಲರ್ ಎರಡು ಡೋರ್ ಜಜ್ಜಿತು. ಈ ಸಲ ಜಗಳವೇ ಆಡಲಿಲ್ಲ. ಫೋಟೊ ತೆಗೆದೆ, ಟ್ರ್ಯಾಕ್ಟರ್ ನಂಬರ್ ಬರೆದುಕೊಂಡೆ, ನನ್ನ ಕಂಪನಿಗೆ ಫೋನ್ ಮಾಡಿದೆ. ಬಿಲ್ 31,400. ನನ್ನ ಕೈಯಿಂದ ಹೋದದ್ದು 1,640: ಪ್ರತಿ ಕ್ಲೇಮ್‌ನಲ್ಲೂ ನಾವೇ ಕೊಡಬೇಕಾದ ಕಡ್ಡಾಯ ಕಡಿತ 1,000, ಉಳಿದದ್ದು ನಟ್ಟು ಬೋಲ್ಟು ಆಯಿಲ್ ಲೆಕ್ಕ. ಎದುರಿನವನಿಗೆ ಇನ್ಶೂರೆನ್ಸ್ ಇದೆಯಾ ಅಂತ ನನ್ನ ಕಂಪನಿಯವರು ಯಾರೂ ಕೇಳಲೇ ಇಲ್ಲ.

ಹಾಗಂತ ಇದು ಪುಕ್ಕಟೆ ಅಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನನಗೆ 45% ಇತ್ತು, ಮುಂದಿನ ವರ್ಷ 50% ಆಗಬೇಕಿತ್ತು. ಕ್ಲೇಮ್ ಮಾಡಿದ್ದಕ್ಕೆ ಸೊನ್ನೆಗೆ ಇಳಿಯಿತು. ಆಮೇಲೆ ಮತ್ತೆ 20, 25, 35, 45 ಅಂತ ಹತ್ತಬೇಕು. ಬೋನಸ್ ಕಳೆಯದೆ ಸ್ವಂತ ಗಾಡಿ ಭಾಗದ ಪ್ರೀಮಿಯಂ ವರ್ಷಕ್ಕೆ 9,000 ಅಂತ ಇಟ್ಟುಕೊಳ್ಳಿ. 50% ಬೋನಸ್ ಇದ್ದಿದ್ದರೆ ಕಟ್ಟುತ್ತಿದ್ದುದಕ್ಕಿಂತ ಐದು ವರ್ಷದಲ್ಲಿ ಜಾಸ್ತಿ ಕಟ್ಟೋದು 4,500, 2,700, 2,250, 1,350, 450, ಒಟ್ಟು 11,250. ಕಾರಿನ ಬೆಲೆ ಇಳಿದಂತೆ ಇದೂ ಸ್ವಲ್ಪ ಇಳಿಯುತ್ತದೆ. ಆದರೂ 31,400ರ ಬಿಲ್‌ಗೆ ಕ್ಲೇಮ್ ಸರಿ, 6,000ದ ಡೆಂಟ್‌ಗೆ ತಪ್ಪು. ಏಜೆಂಟರು ಈ ಲೆಕ್ಕ ಹೇಳೋದಿಲ್ಲ.

ಮೂರನೆಯದು ನಿಜವಾಗಿ ನೋವಾದದ್ದು. 2023, ಸ್ಕೂಟರ್‌ನಲ್ಲಿ ಹೋಗುತ್ತಿದ್ದೆ, ರಾಂಗ್ ಸೈಡ್‌ನಲ್ಲಿ ಬೈಕ್ ಬಂತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು, ಪ್ಲೇಟ್ ಹಾಕಿದರು. ನನ್ನದು ಮದುವೆ ಫೋಟೊ, ವಿಡಿಯೊ ಕೆಲಸ. ಸೀಸನ್ ಮಧ್ಯದಲ್ಲಿ ಕ್ಯಾಮೆರಾ ಹಿಡಿಯೋ ಕೈಯೇ ಹೋಯಿತು.

ಆಸ್ಪತ್ರೆಯ 86,000ದಲ್ಲಿ ಹೆಲ್ತ್ ಇನ್ಶೂರೆನ್ಸ್ ಹೆಚ್ಚುಕಡಿಮೆ ಎಲ್ಲಾ ಕೊಟ್ಟಿತು. ಆಗಿನ್ನೂ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ ಇರಲಿಲ್ಲ. 2025ರಿಂದ ರಸ್ತೆ ಅಪಘಾತವಾದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರಿ, ಆದರೆ ಹೋದ ದುಡಿಮೆ? ಇಲ್ಲಿ ನನ್ನ ನಂಬಿಕೆ ಕೈಕೊಟ್ಟಿತು. ಗಾಡಿ ಪಾಲಿಸಿ ಜೊತೆ ಬರುವ 15 ಲಕ್ಷದ ಕಡ್ಡಾಯ ಅಪಘಾತ ವಿಮೆಯಿಂದ ಒಂದು ಪೈಸೆ ಬರಲಿಲ್ಲ. ಅದು ಸಾವಿಗೆ, ಕೈಕಾಲು ಕಣ್ಣು ಹೋದರೆ, ಶಾಶ್ವತವಾಗಿ ಅಂಗವಿಕಲರಾದರೆ ಮಾತ್ರ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಸಿಗೋ ಅಪಘಾತ ವಿಮೆ ಸುರಕ್ಷಾ ಬಿಮಾ ಕೂಡ ಅಷ್ಟೇ. ಗುದ್ದಿ ಓಡಿಹೋದ ಗಾಡಿಗಳಿಂದ ಪೆಟ್ಟಾದವರಿಗೆ ಸರ್ಕಾರ ಕೊಡೋ ಪರಿಹಾರವೂ ನನಗಿಲ್ಲ, ಯಾಕಂದರೆ ಬೈಕಿನವನು ಓಡಿಹೋಗದೆ ನನ್ನ ಪಕ್ಕದಲ್ಲೇ ನಿಂತಿದ್ದ!

ಕೊಟ್ಟದ್ದು ನನ್ನ ಹೆಂಡತಿ ಹಟ ಮಾಡಿ ಮಾಡಿಸಿದ್ದ ಬೇರೆ ಅಪಘಾತ ಪಾಲಿಸಿ. 'ರೀ, ನಿಮಗೆ ಸಂಬಳ ಬರಲ್ಲ, ವಾರಕ್ಕಿಷ್ಟು ಅಂತ ಕೊಡೋದನ್ನೇ ತಗೊಳ್ಳಿ' ಅಂದಿದ್ದಳು. ವಾರಕ್ಕೆ 5,000ದಂತೆ ಆರು ವಾರ ಬಂತು. ನಾನು ಮನೆಯಲ್ಲಿ ಕೂತದ್ದು ಒಂಬತ್ತು ವಾರ. ಡಾಕ್ಟರ್ ಚೀಟಿಯಲ್ಲಿ ಆರು ಅಂತ ಇತ್ತು, ಮುಂದುವರಿಸಿ ಬರೆಸಿಕೊಳ್ಳಲು ನನಗೆ ತೋಚಲಿಲ್ಲ. ಎಕ್ಸ್‌ರೇ, ಪೊಲೀಸ್ ದೂರಿನ ಪ್ರತಿ, ಎಲ್ಲಾ ಕೇಳಿದರು.

ಈಗ ನನ್ನ ಲೆಕ್ಕದಲ್ಲಿ ವಾರದ ದುಡ್ಡು ಕೊಡೋ ಪಾಲಿಸಿ ಮೊದಲು, ಹೆಲ್ತ್ ಎರಡನೆಯದು, ಕಾರಿನ ಫುಲ್ ಇನ್ಶೂರೆನ್ಸ್ ಆಮೇಲೆ. ಸಂಬಳದ ಕೆಲಸದವರಾದರೆ ಮೊದಲೆರಡನ್ನು ಅದಲುಬದಲು ಮಾಡಿಕೊಳ್ಳಿ. ರಸ್ತೆಯಲ್ಲಿ ರಾಜಿಗೆ ನಿಂತರೆ ಸಿಕ್ಕಿದ್ದನ್ನು ನಗದಾಗಿ ಅಲ್ಲೇ ಎಣಿಸಿಕೊಳ್ಳಿ, ಸೋಮವಾರ ಬರೋದಿಲ್ಲ. ನನ್ನ ಕಾರಿನ ಹಿಂದಿನ ಬಂಪರ್ ಮೇಲೆ ಈಗಲೂ ಒಂದು ಉದ್ದ ಗೀರು ಇದೆ. 3,000ದ ಕೆಲಸ. ಬೋನಸ್ ಮತ್ತೆ ಹತ್ತುತ್ತಿದೆ, ಅದಕ್ಕೇ ಹಾಗೇ ಬಿಟ್ಟಿದ್ದೇನೆ.