ಪ್ಲೇಟ್‌ಲೆಟ್ ಅಜಿಟೇಟರ್: ಆರು ವರ್ಷ ಬಳಸಿದ ಮೇಲೆ

ದಾವಣಗೆರೆಯ ಒಂದು ರಕ್ತನಿಧಿಯಲ್ಲಿ ನಾನು ಟೆಕ್ನಿಷಿಯನ್. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ 48 ಚೀಲ ಹಿಡಿಯುವ ಈ ಮೆಷಿನ್ ನಮ್ಮಲ್ಲಿಗೆ ಬಂದು ಆರು ವರ್ಷವಾಯಿತು. ನಮ್ಮ ಆಯಾ ಇದಕ್ಕೆ ‘ಕುಣಿಯೋ ಬೀರು’ ಅಂತ ಹೆಸರಿಟ್ಟಿದ್ದಾರೆ. ಕಂಪನಿ ಯಾವುದು ಅನ್ನೋದು ಬೇಡ. ಹೊಸದಾಗಿ ಕಾಂಪೊನೆಂಟ್ ಲೈಸೆನ್ಸ್ (ರಕ್ತವನ್ನು ಭಾಗಭಾಗವಾಗಿ ಬೇರ್ಪಡಿಸಿ ಇಡುವ ಪರವಾನಗಿ) ತಗೊಳ್ಳುವವರು ಆಗಾಗ ಫೋನ್ ಮಾಡಿ ‘ಎಂಥದು ತಗೊಳ್ಳೋಣ ಸಾರ್’ ಅಂತ ಕೇಳ್ತಾರೆ, ಅವರಿಗಾಗಿ ಇಷ್ಟು ಬರೆಯುತ್ತಿದ್ದೇನೆ.

ಬೀರುವಿನ ಕೆಲಸ ಎರಡೇ. ಒಳಗೆ 20ರಿಂದ 24 ಡಿಗ್ರಿ ಕಾಯಬೇಕು. ತಟ್ಟೆಗಳನ್ನು ನಿಮಿಷಕ್ಕೆ 60–70 ಸಲ ಮೆಲ್ಲಗೆ ಆಡಿಸುತ್ತಿರಬೇಕು, ಹಗಲೂ ರಾತ್ರಿ.

ಮೊದಲನೆಯದನ್ನೇ ಜನ ನಂಬುವುದಿಲ್ಲ. ಡೆಂಗಿ ಕಾಲದಲ್ಲಿ ಜಗಳೂರು ಕಡೆಯ ಹುಡುಗನೊಬ್ಬ ಪ್ಲೇಟ್‌ಲೆಟ್ ಒಯ್ಯಲು ಥರ್ಮಾಕೋಲ್ ಡಬ್ಬಿಯ ತುಂಬ ಐಸ್ ತುಂಬಿಕೊಂಡು ಬಂದಿದ್ದ. ಐಸ್ ಚೆಲ್ಲಿ ಬಾ ಅಂದೆ. ‘ಬಿಸ್ಲಾಗೆ ಒಯ್ದ್ರೆ ಕೆಡಲ್ವೇನ್ರಿ ಸಾರ್?’ ಅಂದ. ‘ಇದು ಹಾಲಲ್ಲಪ್ಪ, ಐಸಲ್ಲಿ ಇಟ್ರೇನೆ ಕೆಡೋದು’ ಅಂತ ಹೇಳಿದರೂ ಅವನ ಮುಖದಲ್ಲಿ ಅನುಮಾನ ಹೋಗಲಿಲ್ಲ. ಅವನ ತಪ್ಪೇನಿಲ್ಲ. ಕೆಂಪು ಕಣವನ್ನು ನಾವೇ 2ರಿಂದ 6 ಡಿಗ್ರಿಯಲ್ಲಿ 35ರಿಂದ 42 ದಿನ ಇಡುತ್ತೇವೆ, ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ ಒಂದು ವರ್ಷ ಇಡುತ್ತೇವೆ. ಪ್ಲೇಟ್‌ಲೆಟ್ ಮಾತ್ರ ಚಳಿ ತಡೆಯುವುದಿಲ್ಲ. ಬಿಲ್ಲೆಯಂತಿರುವ ಕಣ ತಣ್ಣಗಾದರೆ ಉಂಡೆಯಾಗುತ್ತದೆ. ಅಂಥದನ್ನು ರೋಗಿಗೆ ಹಾಕಿದರೆ ಬಹುಪಾಲನ್ನು ಯಕೃತ್ತು ಬೇಗನೆ ಹಿಡಿದು ಹೊರಹಾಕುತ್ತದೆ. ಒಂದು ಕಾಲದಲ್ಲಿ ಇದನ್ನೂ 4 ಡಿಗ್ರಿಯಲ್ಲೇ ಇಡುತ್ತಿದ್ದರಂತೆ. ಕೋಣೆಯ ಉಷ್ಣತೆಯಲ್ಲಿಟ್ಟದ್ದೇ ಮೈಯಲ್ಲಿ ಹೆಚ್ಚು ದಿನ ಬಾಳುತ್ತದೆ ಅಂತ ಅಮೆರಿಕದ ಮರ್ಫಿ ಮತ್ತು ಗಾರ್ಡನರ್ 1969ರಲ್ಲಿ ತೋರಿಸಿದರು.

ಈ ವಿಷಯದಲ್ಲಿ ಮೆಷಿನ್‌ಗೆ ಪೂರ್ತಿ ಅಂಕ. ಒಂದು ಏಪ್ರಿಲ್‌ನಲ್ಲಿ ಕೋಣೆಯ ಎಸಿ ಎರಡು ದಿನ ಕೆಟ್ಟಿತ್ತು, ನಾವು ಬೆವರಿ ತೊಪ್ಪೆಯಾಗಿದ್ದೆವು, ಒಳಗಿನ ಉಷ್ಣತೆ ಬರೆಯುವ ಚಾರ್ಟ್ ಪೇಪರಿನ ಗೆರೆ ಮಾತ್ರ 22ರ ಆಚೀಚೆ ಬಿಟ್ಟು ಕದಲಲಿಲ್ಲ.

ಆಡಿಸುವ ಕೆಲಸದಲ್ಲೇ ನಾನು ಅಂಕ ಕಳೆಯೋದು. ಚೀಲದೊಳಗೆ ಪ್ಲೇಟ್‌ಲೆಟ್ ಜೀವಂತ ಇರುತ್ತದೆ, ಉಸಿರಾಡುತ್ತದೆ. ಅದಕ್ಕೇ ಆ ಪ್ಲಾಸ್ಟಿಕ್ಕಿನಲ್ಲಿ ಆಮ್ಲಜನಕ ಒಳಗೆ ಹೋಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಆಡಿಸದಿದ್ದರೆ ಕಣಗಳು ತಳ ಸೇರಿ ಉಸಿರುಕಟ್ಟಿ, ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿಕೊಳ್ಳುತ್ತವೆ. ಪಿಎಚ್ ಇಳಿಯುತ್ತದೆ, ಅಂದರೆ ಹುಳಿ ಏರುತ್ತದೆ, ಬಿಲ್ಲೆ ಮತ್ತೆ ಉಂಡೆ. ಇದನ್ನು ಕಣ್ಣಲ್ಲೇ ನೋಡಬಹುದು. ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಒತ್ತಿದರೆ, ಅಕ್ಕಿ ತೊಳೆದ ನೀರು ತಿರುಗಿದ ಹಾಗೆ ಒಂದು ಹೊಳಪು ಸುಳಿಸುಳಿಯಾಗಿ ಓಡುತ್ತದೆ. ನಾವು ಅದನ್ನು ಸ್ವರ್ಲಿಂಗ್ ಅನ್ನುತ್ತೇವೆ. ಸತ್ತ ಚೀಲ ಎಷ್ಟು ಒತ್ತಿದರೂ ಮಂಕು.

ಎರಡನೇ ವರ್ಷ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆಗಳು ಸುಮ್ಮನೆ ನಿಂತಿದ್ದವು. ಡಿಸ್‌ಪ್ಲೇನಲ್ಲಿ 22.1. ಕಂಪ್ರೆಸರ್ ಓಡುತ್ತಿತ್ತು. ಮೋಟರಿನ ಬೆಲ್ಟ್ ಜಾರಿತ್ತು, ಅದರ ಅಲಾರಂ ಕೂಗಿರಲಿಲ್ಲ. ಆಮೇಲೆ ತಿಳಿದದ್ದು, ನಮ್ಮ ಮಾಡೆಲ್‌ನಲ್ಲಿ ಅಲಾರಂ ಮೋಟರಿಗೆ ಕರೆಂಟ್ ಹೋಗುತ್ತಿದೆಯಾ ಅಂತ ಮಾತ್ರ ನೋಡುತ್ತದೆ, ತಟ್ಟೆ ಆಡುತ್ತಿದೆಯಾ ಅಂತ ಅಲ್ಲ. ಚಾರ್ಟ್ ಪೇಪರ್ ಕೂಡ ಉಷ್ಣತೆಯನ್ನಷ್ಟೇ ಬರೆಯುತ್ತದೆ. ರಿಜಿಸ್ಟರ್ ನೋಡಿದರೆ ಶನಿವಾರ ರಾತ್ರಿಯಿಂದ ಎಲ್ಲರೂ ‘22, ಸರಿ ಇದೆ’ ಅಂತ ಸಹಿ ಹಾಕಿದ್ದರು. ಅದರಲ್ಲಿ ಒಂದು ಸಹಿ ನನ್ನದೇ.

ಒಂದು ರಾತ್ರಿ ನಿಂತಿದ್ದರೆ ಅಷ್ಟು ಭಯವಿರಲಿಲ್ಲ. ಸಾಗಣೆಯಲ್ಲಿ 24 ಗಂಟೆವರೆಗೆ ಆಡಿಸದೆ ಇಡಬಹುದು ಅಂತಲೇ ಲೆಕ್ಕ. ಆದರೆ ಎಷ್ಟೊತ್ತಿಗೆ ನಿಂತಿತು ಅಂತ ಹೇಳುವವರು ಯಾರೂ ಇರಲಿಲ್ಲ. ಹನ್ನೊಂದು ಚೀಲವಿತ್ತು. ನಾಲ್ಕರಲ್ಲಿ ಹೊಳಪೇ ಇಲ್ಲ, ಏಳರಲ್ಲಿ ಚೆನ್ನಾಗಿಯೇ ಇತ್ತು. ಡಾಕ್ಟರ್ ಹನ್ನೊಂದನ್ನೂ ಡಿಸ್ಕಾರ್ಡ್ ಬರೆಸಿದರು. ಆಗ ಸಿಟ್ಟು ಬಂದಿತ್ತು, ಈಗ ಇಲ್ಲ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಇಂಥ ನಾಲ್ಕರಿಂದ ಆರು ಚೀಲ ಬೇಕು, ಒಂದೊಂದು ಚೀಲ ರೋಗಿಯ ರಕ್ತದ ಪ್ಲೇಟ್‌ಲೆಟ್ ಕೌಂಟನ್ನು ಐದರಿಂದ ಹತ್ತು ಸಾವಿರ ಏರಿಸಬೇಕು. ಜೀವವಿಲ್ಲದ ಚೀಲ ಏರಿಸಿದರೆ ಕೌಂಟ್ ಇದ್ದಲ್ಲೇ ಇರುತ್ತದೆ, ವಾರ್ಡಿನವರು ರೋಗಿಯದೇ ಏನೋ ತೊಂದರೆ ಅಂದುಕೊಳ್ಳುತ್ತಾರೆ. ಮೆಷಿನ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸರ್ವಿಸ್ ಎಂಜಿನಿಯರ್ ಬೆಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿಯಿತು. ಪ್ಲೇಟ್‌ಲೆಟ್‌ನ ಆಯಸ್ಸೇ ಐದು ದಿನ! ಅಷ್ಟು ದಿನ ಹೊಸ ಚೀಲ ಮಾಡಲೇ ಇಲ್ಲ.

ಕೊಳ್ಳುವವರು ಡೆಮೋ ದಿನ ಒಂದು ಕೆಲಸ ಮಾಡಿ. ಮೆಷಿನ್ ಓಡುವಾಗಲೇ ಬೆಲ್ಟ್ ಕಳಚಿಸಿ, ಅಲಾರಂ ಕೂಗುತ್ತದಾ ನೋಡಿ. ಕೂಗದಿದ್ದರೆ ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ. ಒಂದು ಬೆಲ್ಟ್, ಒಂದು ಜೊತೆ ಬೇರಿಂಗ್ ಬಿಲ್ಲಿನಲ್ಲೇ ಸೇರಿಸಿಕೊಳ್ಳಿ. ಮೋಟರಿಗಾದರೂ ಬೇರೆ ಯುಪಿಎಸ್ ಇರಲಿ, ಜನರೇಟರ್ ನಂಬಬೇಡಿ. ಸದ್ದು, ಕರೆಂಟ್ ಬಿಲ್ಲು ಇವೆಲ್ಲ ದೊಡ್ಡ ವಿಷಯವಲ್ಲ.

ನಾವು ಆಮೇಲೆ ರಿಜಿಸ್ಟರಿನಲ್ಲಿ ‘ತಟ್ಟೆ ಆಡುತ್ತಿದೆಯೇ’ ಅಂತ ಒಂದು ಕಾಲಂ ಹೆಚ್ಚಿಸಿದೆವು. ಒಂದು ತಿಂಗಳಲ್ಲಿ ಅದಕ್ಕೂ ಕಣ್ಣುಮುಚ್ಚಿ ಟಿಕ್ ಬೀಳತೊಡಗಿತು. ಕೊನೆಗೆ ಉಪಾಯ ಮಾಡಿದ್ದು ಆಯಾ. ಖಾಲಿ ಇಂಜೆಕ್ಷನ್ ಶೀಶೆಯೊಳಗೆ ಮಗಳ ಹರಿದ ಸರದ ನಾಲ್ಕು ಮಣಿ ಹಾಕಿ, ಬಿರಡೆ ಬಿಗಿದು, ಕೆಳಗಿನ ತಟ್ಟೆಯ ಮೂಲೆಗೆ ಟೇಪ್ ಸುತ್ತಿದರು. ಟಿಕ್ಕಟಿಕ್ಕ ಅಂತಲೇ ಇರುತ್ತದೆ. ಹೋದ ವರ್ಷ ಎರಡು ಸಲ ಅದು ನಿಂತಾಗ ಊಟಕ್ಕೆ ಕೂತವರು ಡಬ್ಬಿ ಬಿಟ್ಟು ಎದ್ದು ಬಂದಿದ್ದಾರೆ. ಎಂಜಿನಿಯರ್ ಅದನ್ನು ನೋಡಿ, ಹೊರಗಿನ ವಸ್ತು ಅಂಟಿಸಿದರೆ ವಾರಂಟಿ ಹೋಗುತ್ತದೆ ಅಂದ. ವಾರಂಟಿ ಮುಗಿದು ಮೂರು ವರ್ಷವಾಗಿದೆ.

ಐದಕ್ಕೆ ಮೂರು.