ಪುಡಿ, ಬಿಲ್ಲೆ, ಕರೆಂಟು: ಬಂಡೆಯಲ್ಲಿ ಸೀಸಿಯಂ ಅಳೆಯಲು ಯಾವುದು ವಾಸಿ?

ಫಿನ್‌ಲೆಂಡಿನ ಒಲ್ಕಿಲುವೊಟೊದಲ್ಲಿ ಸುಮಾರು 430 ಮೀಟರ್ ಆಳದಲ್ಲಿ ಬಂಡೆ ಕೊರೆದು, ಅಣುಸ್ಥಾವರಗಳ ಬಳಸಿದ ಇಂಧನ ಹೂಳಲು ಸುರಂಗ ಮಾಡಿದ್ದಾರೆ. ತಾಮ್ರದ ಡಬ್ಬಿ, ಅದರ ಸುತ್ತ ಬೆಂಟೊನೈಟ್ ಜೇಡಿಮಣ್ಣು, ಅದರಾಚೆ ಬಂಡೆ. ಡಬ್ಬಿ ಎಂದಾದರೂ ತೂತಾದರೆ, ನೀರಿಗೆ ಬೆರೆತ ಸೀಸಿಯಂ, ಸ್ಟ್ರಾನ್ಷಿಯಂನಂಥ ವಿಕಿರಣಶೀಲ ಧಾತುಗಳನ್ನು ಬಂಡೆ ಎಷ್ಟು ಹಿಡಿದಿಡುತ್ತದೆ? ಅಳೆಯಲು ಮುಖ್ಯವಾಗಿ ಮೂರು ದಾರಿಗಳಿವೆ. ಹೆಲ್ಸಿಂಕಿಯ ಲ್ಯಾಬಿನಲ್ಲಿ ಫಿನ್‌ಲೆಂಡಿನ ನೈಸ್ (gneiss, ಪಟ್ಟೆ ಪಟ್ಟೆಯ ಗಟ್ಟಿ ಶಿಲೆ) ಕಲ್ಲು, ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಎಂಬಲ್ಲಿನ ಕಲ್ಲು ಎರಡರ ಮೇಲೂ ಮೂರನ್ನೂ ಮಾಡಿ ನೋಡಿದ್ದೇನೆ.

ಮೊದಲನೆಯದು ಪುಡಿ. ಕಲ್ಲು ಕುಟ್ಟಿ, ಜರಡಿ ಹಿಡಿದು, ನುಣ್ಣನೆ ಧೂಳನ್ನು ತೊಳೆದು ತೆಗೆದು, ಅಂತರ್ಜಲದಂಥದ್ದೇ ನೀರಿನಲ್ಲಿ ನೆನೆಹಾಕಬೇಕು. ಆಮೇಲೆ ಚಿಟಿಕೆ ಸೀಸಿಯಂ-134 (ಗಾಮಾ ಕಿರಣ ಸೂಸುವ ಸೀಸಿಯಂ) ಹಾಕಿ ಅಲುಗಾಡಿಸಿ, ನೀರಿನಲ್ಲಿ ಎಷ್ಟು ಉಳಿಯಿತು ಅಂತ ಗಾಮಾ ಕೌಂಟರಿನಲ್ಲಿ ನೋಡಿದರೆ ಆಯಿತು. ಕಲ್ಲಿಲ್ಲದ ಒಂದು ಖಾಲಿ ಟ್ಯೂಬನ್ನೂ ಜೊತೆಗೆ ಇಡಲೇಬೇಕು. ಟ್ಯೂಬಿನ ಗೋಡೆಗೇ ಸ್ವಲ್ಪ ಅಂಟಿಕೊಂಡು, ಕಲ್ಲಿಗೆ ಸಲ್ಲದ ಹೆಸರು ಬರುವುದುಂಟು!

ಇದರ ನಿಜವಾದ ಲಾಭ ಖನಿಜಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬಹುದು ಅನ್ನೋದು. ಬೆಣಚುಕಲ್ಲು ಸೀಸಿಯಂನ್ನು ಮುಟ್ಟುವುದೇ ಇಲ್ಲ ಅನ್ನಬಹುದು. ಫೆಲ್ಡ್‌ಸ್ಪಾರ್ ಸ್ವಲ್ಪ ಹಿಡಿಯುತ್ತದೆ. ಕೆಲಸವೆಲ್ಲ ಬಯೊಟೈಟಿನದು, ಅಂದರೆ ಕಪ್ಪು ಕಾಗೆಬಂಗಾರದ್ದು. ಅದರ ಹಾಳೆಗಳ ಅಂಚು ಸವೆದು ಬಿಚ್ಚಿಕೊಂಡ ಕಡೆ ಸೀಸಿಯಂ ಹೋಗಿ ಸಿಕ್ಕಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಆದರೆ ಅಂಥ ಜಾಗಗಳು ತೀರಾ ಕಡಿಮೆ. ನೀರಿನಲ್ಲಿ ಸೀಸಿಯಂ ಜಾಸ್ತಿಯಾದಂತೆ ಅವು ತುಂಬಿಹೋಗಿ, ಹಿಡಿತದ ಅಂಕಿ (ನೀರಿನಲ್ಲಿ ಉಳಿದದ್ದಕ್ಕೆ ಹೋಲಿಸಿದರೆ ಕಲ್ಲಿಗೆ ಎಷ್ಟು ಅಂಟಿದೆ ಅನ್ನೋದು) ಹತ್ತಾರು ಪಟ್ಟು ಕುಸಿಯುತ್ತದೆ. ಯಾವ ಸಾಂದ್ರತೆಯಲ್ಲಿ ಅಳೆದದ್ದು ಅಂತ ಹೇಳದ ಅಂಕಿಯನ್ನು ನಾನು ನಂಬುವುದಿಲ್ಲ. ನೀರು ಯಾವುದು ಅನ್ನೋದೂ ಅಷ್ಟೇ ಮುಖ್ಯ. ಗ್ರಿಮ್ಸೆಲ್‌ನ ನೀರಿನಲ್ಲಿ ಲವಣ ತೀರಾ ಕಡಿಮೆ, ಸ್ಟ್ರಾನ್ಷಿಯಂ ಚೆನ್ನಾಗಿ ಅಂಟುತ್ತದೆ. ಒಲ್ಕಿಲುವೊಟೊದ ಆಳದ ಉಪ್ಪುನೀರಿನಲ್ಲಿ ಅದೇ ಸ್ಟ್ರಾನ್ಷಿಯಂಗೆ ಕೂರಲು ಜಾಗವೇ ಸಿಗುವುದಿಲ್ಲ.

ಪುಡಿಯ ದೊಡ್ಡ ಕೊರತೆ ಏನೆಂದರೆ, ಕುಟ್ಟಿದಾಗ ಹೊಸ ಮುಖಗಳು ತೆರೆದುಕೊಳ್ಳುತ್ತವೆ. ಇಡೀ ಬಂಡೆಯಲ್ಲಿ ಆ ಮುಖಗಳಿಗೆ ನೀರು ಸೋಕುತ್ತಲೇ ಇರಲಿಲ್ಲ. ಹಾಗಾಗಿ ಬರುವ ಅಂಕಿ ಬಂಡೆಯನ್ನು ಸುಮ್ನೆ ಹೊಗಳುತ್ತದೆ. ಸುರಕ್ಷತೆಯ ಲೆಕ್ಕಕ್ಕೆ ಅದನ್ನು ಹಾಗೇ ಎತ್ತಿ ಹಾಕುವವರನ್ನು ಕಂಡರೆ ನನಗೆ ಕಸಿವಿಸಿ.

ಎರಡನೆಯದು ಬಿಲ್ಲೆ. ಒಂದು ಸೆಂಟಿಮೀಟರ್ ದಪ್ಪದ ಕಲ್ಲಿನ ಬಿಲ್ಲೆಯ ಅಂಚಿಗೆ ಎಪಾಕ್ಸಿ ಬಳಿದು, ಎರಡು ನೀರಿನ ಡಬ್ಬಿಗಳ ನಡುವೆ ಕೂರಿಸಬೇಕು. ಒಂದು ಕಡೆ ಟ್ರೇಸರ್ (ಜಾಡು ಹಿಡಿಯಲು ಬೆರೆಸುವ ವಿಕಿರಣಶೀಲ ವಸ್ತು) ಹಾಕಿ, ಇನ್ನೊಂದು ಕಡೆ ಅದು ಬರುವುದನ್ನು ಕಾಯಬೇಕು. ಮೊದಲ ಸ್ಯಾಂಪಲ್‌ನಲ್ಲೇ ಎಣಿಕೆ ಏರಿದರೆ ಖುಷಿಪಡಬೇಡಿ, ಅಂಚಿನಲ್ಲಿ ಸೋರುತ್ತಿದೆ ಅಂತ ಅರ್ಥ. ಟ್ರಿಷಿಯಂ ನೀರಿಗೂ (ವಿಕಿರಣಶೀಲ ಹೈಡ್ರೋಜನ್ ಇರುವ ನೀರು) ಕ್ಲೋರೈಡ್ ರೂಪದ ಕ್ಲೋರಿನ್-36ಕ್ಕೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಖನಿಜದ ಮೈ ಋಣ ವಿದ್ಯುತ್ತಿನದು, ಕ್ಲೋರೈಡೂ ಋಣ. ಇಕ್ಕಟ್ಟಿನ ರಂಧ್ರಗಳಿಂದ ಅದು ಹೊರದೂಡಲ್ಪಟ್ಟು, ನೀರಿಗಿಂತ ನಿಧಾನವಾಗಿ ದಾಟುತ್ತದೆ. ಬಿಲ್ಲೆಯಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ಸೀಸಿಯಂಗೆ ಮಾತ್ರ ಬಿಲ್ಲೆ ಕೈಕೊಡುತ್ತದೆ. ಲೆಕ್ಕ ಹಾಕಿ ನೋಡಿ. ಕಲ್ಲಿನಲ್ಲಿ ರಂಧ್ರ 0.5 ಶೇಕಡ, ಡಿಫ್ಯೂಷನ್ ಅಂಕಿ (ಎಷ್ಟು ಬೇಗ ಹರಡುತ್ತದೆ ಅನ್ನೋದು) ಸೆಕೆಂಡಿಗೆ 10⁻¹³ ಚದರ ಮೀಟರ್ ಅಂದುಕೊಂಡರೆ, ಟ್ರಿಷಿಯಂ ನೀರು ಒಂದು ಸೆಂಟಿಮೀಟರ್ ದಾಟಲು ತಿಂಗಳ ಆಸುಪಾಸು ಸಾಕು. ಪ್ರತಿ ಕಿಲೋ ಕಲ್ಲಿಗೆ 0.1 ಘನ ಮೀಟರ್ ಹಿಡಿತ ಇರುವ ಸೀಸಿಯಂಗೆ ಸುಮಾರು 4,000 ವರ್ಷ ಬೇಕು. ಯಾವ ಗೈಡೂ ಅಷ್ಟು ಕಾಯುವುದಿಲ್ಲ.

ಕರೆಂಟು ಮೂರನೆಯದು. ಅದೇ ಬಿಲ್ಲೆಯ ಎರಡೂ ಕಡೆ ವೋಲ್ಟೇಜ್ ಕೊಟ್ಟು ಅಯಾನುಗಳನ್ನು ಎಳೆಯುವುದು. ಸ್ಟಾಕ್‌ಹೋಮಿನಲ್ಲಿ ಸಂಶೋಧಕ ಇವಾರ್ಸ್ ನೆರೆಟ್ನಿಯೆಕ್ಸ್ ಬಳಗ ಬೆಳೆಸಿದ ವಿಧಾನ ಇದು. ವಿಕಿರಣಶೀಲ ಧಾತುಗಳು ಬಂಡೆಯ ರಂಧ್ರಗಳೊಳಗೆ ಇಂಗುವುದೇ ಅವುಗಳ ಓಟಕ್ಕೆ ದೊಡ್ಡ ತಡೆ ಆಗಬಹುದು ಅಂತ 1980ರಲ್ಲೇ ಬರೆದವರೂ ಅವರೇ. ಅಯೊಡೈಡ್‌ನಂಥವಕ್ಕೆ ತಿಂಗಳುಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ಆದರೆ ಎಲೆಕ್ಟ್ರೋಡಿನ ಹತ್ತಿರ ಗುಳ್ಳೆ ಏಳುತ್ತದೆ, ಆಮ್ಲತೆ ಬದಲಾಗುತ್ತದೆ, ಬಿಲ್ಲೆಗೆ ನಿಜಕ್ಕೂ ಬಿದ್ದ ವೋಲ್ಟೇಜನ್ನು ಬೇರೆಯಾಗಿಯೇ ಅಳೆಯಬೇಕು. ಅವಸರದಲ್ಲಿರುವವರಿಗೆ ಇದು ಸರಿ. ನನಗೆ ಅಷ್ಟು ಹಿಡಿಸಲಿಲ್ಲ.

ಹಾಗಾದರೆ ಸೀಸಿಯಂಗೆ ಏನು ಗತಿ, ಅಲ್ವಾ? ಇನ್ನೊಂದು ದಾರಿಯಿದೆ: ಕಲ್ಲನ್ನು ಒಡೆಯದೆ ಒಂದು ಮುಖಕ್ಕೆ ಮಾತ್ರ ಸೀಸಿಯಂ ನೀರು ತಾಗಿಸಿಟ್ಟು, ಆಮೇಲೆ ಸ್ಯಾಂಡ್‌ಪೇಪರಿನಿಂದ ಪದರ ಪದರವಾಗಿ ತೇಯ್ದು ಒಂದೊಂದನ್ನೂ ಎಣಿಸುವುದು. ದಾಟಲು ಕಾಯಬೇಕಿಲ್ಲ, ಎಷ್ಟು ಆಳ ಹೋಗಿದೆ ಅಂತ ನೋಡಿದರೆ ಸಾಕು. ಬೇಸರದ ಕೆಲಸ, ಆದರೂ ನನ್ನ ಓಟು ಇದಕ್ಕೇ. ಸ್ವೀಡನ್ನಿನ ಆಸ್ಪೋ ಎಂಬ ನೆಲದಡಿಯ ಲ್ಯಾಬಿನಲ್ಲಿ 410 ಮೀಟರ್ ಆಳದ ಬಂಡೆಯಲ್ಲೇ ಟ್ರೇಸರ್ ಬಿಟ್ಟು, ಆಮೇಲೆ ಸುತ್ತಲಿನ ಕಲ್ಲು ಕೊರೆದು ತೆಗೆದು ಹೀಗೇ ಪದರ ನೋಡಿದ್ದರು. ಲೆಕ್ಕ ಹೇಳಿದ್ದಕ್ಕಿಂತ ಆಳದಲ್ಲೂ ಸ್ವಲ್ಪ ಸೀಸಿಯಂ ಸಿಕ್ಕಿತು. ಅದು ಬಂಡೆಯ ಗುಣವೋ, ಸ್ಯಾಂಪಲ್ ತಯಾರಿಸುವಾಗ ಧೂಳು ದಾಟಿದ್ದೋ ಅಂತ ಚರ್ಚೆ ನಡೆಯಿತು. ಅದಕ್ಕೇ ನಾನು ಪ್ರತಿ ಪದರಕ್ಕೂ ಹೊಸ ಸ್ಯಾಂಡ್‌ಪೇಪರ್ ಬಳಸುತ್ತೇನೆ, ಖರ್ಚು ಜಾಸ್ತಿಯಾದರೂ.